ರೀಲ್ ಸಾಹೇಬರ ಸತ್ಕಾರ

ಆಡು ಮುಟ್ಟದ ಸೊಪ್ಪಿಲ್ಲ, ಅಮೋಲ ಮಾಡದ ರೀಲಿಲ್ಲ. ಮಂಗಸೂಳಿ ಮಲ್ಲಯ್ಯನ ಆಣೆಗೂ ಇದು ನಡೆದದ್ದೇ; ಕಾಗವಾಡದಿಂದ ನಿಪ್ಪಾಣಿಗೆ ಹೊರಟ ಬಸ್ಸಿನಲ್ಲಿ ಊರ ಶಾಲೆಯ ಮನಿಷಾ ಟೀಚರ್ ಕಿವಿಗೆ ಬಿದ್ದದ್ದು. ಮುಂದಿನ ಸೀಟಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಅಮೋಲ, ಪಕ್ಕದಲ್ಲಿ ಗೆಳೆಯ ಉತ್ತಮ.

"ನನ್ನ ದ್ರಾಕ್ಷಿ ರೀಲ್ ನೋಡಿ ನಿಪ್ಪಾಣಿಯವರು ಪೇಟಾ ಸುತ್ತಿ ಸತ್ಕಾರ ಮಾಡಾಕತ್ತಾರಲೇ!"

"ಊರಾಗ ಹೇಳಿಯೇನು?"

"ನಿನ್ನೇನ ಸ್ಟೇಟಸ್ ಹಾಕೇನಿ. ನನಗ ನೋಡಿದ ಹೆಣ್ಣಿನ ಕಡೆಯವರೂ ನೋಡ್ಯಾರ."

ಉತ್ತಮ ಕೆಮ್ಮಿದ. "ಚಿಕ್ಕೋಡಿಯೊಳಗ ಇಳಿಯೂಣು ದೋಸ್ತ. ಸತ್ಕಾರ-ಗಿತ್ಕಾರ ಏನೂ ಇಲ್ಲ. ನಿಪ್ಪಾಣಿಯವರಂಗ ಮರಾಠಿಯೊಳಗ ಫೋನ್ ಮಾಡಿದಾಂವ ನಾನ."

ಅಮೋಲ ಅವನ ತೋಳು ಹಿಡಿದು ತನ್ನ ಕಡೆ ತಿರುಗಿಸಿಕೊಂಡ. ಉತ್ತಮ ಮುಂದುವರಿಸಿದ.

"ಒಂದ ಫೋನಿಗೆ ಮುಗಸಾಂವ ಇದ್ನಿ. ನಿನ್ನ ಮ್ಯಾನೇಜರ್ 'ಸಾಹೇಬ್ರು ಮೀಟಿಂಗಿನ್ಯಾಗ ಅದಾರ್ರಿ' ಅಂತ ಎರಡ ದಿನ ಕಾಡಿಸಿದ. ಆ ಸಿಟ್ಟಿಗೆ ನಿನ್ನ ಇಲ್ಲೀತನಕ ಕರಕೊಂಡ ಬಂದೇನಿ. ಯಾರಲೇ ಅಂವ?"

"ಮ್ಯಾನೇಜರ್ ಎಲ್ಲಿಂದ ತರಲಿ? ಮೂಗ ಹಿಡಕೊಂಡು ಮಾತಾಡಿದಾಂವ ನಾನ!"

ಬಸ್ಸು ಚಿಕ್ಕೋಡಿ ಸ್ಟ್ಯಾಂಡಿಗೆ ಬಂತು. ಇಬ್ಬರೂ ಎದ್ದರು.

"ಹೆಣ್ಣಿನವರಿಗೆ ಏನ್ ಹೇಳ್ತಿ?"

"ಅದನ್ನ ಮ್ಯಾನೇಜರ್ ನೋಡ್ಕೋತಾನ ಬಿಡು!"

ಇಳಿಯುವಾಗ ಉತ್ತಮ ನಗುತ್ತಿದ್ದ. ಅಮೋಲನಂತೂ ನಗು ತಡೆಯಲಾಗದೆ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟ.