ಮಗು ಕಲಿತ ಮಾತು

ಪರದೇಶಕ್ಕೆ ಬಂದ ಮೇಲೆ ಹೋಟೆಲಿನ ಅಡುಗೆಯವನ ಕಿವಿಗೆ ಕನ್ನಡ ಬೀಳುತ್ತಿದ್ದದ್ದೇ ಅಪರೂಪ. ವೀಸಾ ಕಚೇರಿಯಲ್ಲಿ ಹಿಂದಿನ ಬೆಂಚಿನ ಅಕ್ಕತಂಗಿಯರು ಮಾತಾಡತೊಡಗಿದಾಗ ಅವನ ಮೈಯೆಲ್ಲ ಕಿವಿಯಾಯಿತು.

“ಇದ್ದಕ್ಕಿದ್ದ ಹಾಗೆ ಕೆಲಸ ಹೇಗೆ ಬಿಡಿಸ್ತಾರೆ?”

“ಮಗು ನೋಡ್ಕೊಳ್ಳೋಕೆ ಇಂಗ್ಲಿಷ್ ಟೀಚರೇ ಬೇಕು ಅಂತ ಇಟ್ಕೊಂಡಿದ್ದು ಅಕ್ಕ. ಅವನ ಹತ್ರ ಬೇರೆ ಭಾಷೆ ಆಡಬಾರದು ಅಂತ ಕರಾರು.”

“ನೀನು ಆಡಿದ್ಯಾ?”

“ಅವನಿಗೆ ಜ್ವರ ಬಂದು ಮೂರು ದಿನ ನನ್ನ ತೊಡೆ ಬಿಟ್ಟು ಇಳೀಲಿಲ್ಲ. ಆಗ ಬಾಯಿಗೆ ಇಂಗ್ಲಿಷ್ ಎಲ್ಲಿಂದ ಬರಬೇಕು? ಮೊನ್ನೆ ಅವರಮ್ಮನ ಎದುರಿಗೇ ‘ಬಾ, ಬಾ’ ಅಂತ ನನ್ನ ಕರೆದುಬಿಟ್ಟ.”

“ಸಂಜೆ ಸ್ಕೂಲಲ್ಲಿ ಪಾಠ ಮಾಡೋದಿದೆಯಲ್ಲೇ?”

“ವಾರಕ್ಕೆ ಆರೇ ಗಂಟೆ. ಅಷ್ಟಕ್ಕೆಲ್ಲ ವೀಸಾ ಕೊಡಲ್ವಂತೆ.”

“ಇನ್ನೊಂದ್ಸಲ ಅವರ ಮನೆಗೆ ಹೋಗಿ ಕೈಮುಗಿದು ಕೇಳು.”

“ಹೋಗಿದ್ದೆ. ಬಾಗಿಲು ತೆಗೀಲಿಲ್ಲ. ಅವನು ಒಳಗೆ ಅಳ್ತಾ ಇದ್ದ.”

ಅಕ್ಕ ತಂಗಿಯ ಫೈಲಿನಿಂದ ಜಾರುತ್ತಿದ್ದ ಕಾಗದವನ್ನು ಒಳಗೆ ತಳ್ಳಿದಳು.

“ಅವನಿಗೆ ಆಗಾಗ ಕಿವಿನೋವು ಬರುತ್ತೆ ಅಕ್ಕ. ಬಂದಾಗ ‘ನೋವು’ ಅಂತಾನೆ. ಬೇರೆ ಹೇಳೋಕೆ ಬರಲ್ಲ. ಆ ಮನೇಲಿ ಅದು ಯಾರಿಗೆ ತಿಳಿಯುತ್ತೆ?”

ಅಡುಗೆಯವನು ಏನಾದರೂ ಹೇಳೋಣವೆಂದು ತಿರುಗಿದ. ಅಷ್ಟರಲ್ಲಿ ಅವರ ನಂಬರು ಕೂಗಿದರು. ತಂಗಿ ಫೈಲನ್ನು ಎದೆಗವಚಿಕೊಂಡು, ಅಧಿಕಾರಿಗೆ ಹೇಳಬೇಕಾದ ಇಂಗ್ಲಿಷ್ ಮಾತನ್ನು ಬಾಯಲ್ಲೇ ಜೋಡಿಸಿಕೊಳ್ಳುತ್ತ ಕಿಟಕಿಯತ್ತ ನಡೆದಳು.