ಗಟ್ಟಿ ಆಕ್ಸಲ್ ಯಾರ ಜೀಪಿಗೆ?

ಬಿಡಿಭಾಗಗಳ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಯಾರೋ ಒಬ್ಬ ಭಾವ, ಅವರ ಭಾಮೈದ ನಿಂತಿದ್ದರು. ಭಾಮೈದನ ಜೀಪಿನ ಚಕ್ರದ ಮುರಿದ ಆಕ್ಸಲ್ ಆಗಲೇ ಮೇಜಿನ ಮೇಲಿತ್ತು.

"ದೊಡ್ಡ ಟೈರ್ ಹಾಕಿದ್ಮೇಲೆ ಗಟ್ಟಿ ಆಕ್ಸಲ್ಲೇ ಬೇಕು ಅಂತ ಹೇಳಿದ್ನಲ್ಲ ಭಾವ?"

"ಗಟ್ಟೀದೇ ಹಾಕ್ಸಿದ್ದೆ ಕಣೋ. ಕಲ್ಲುದಾರೀಲಿ ನೀನೇ ಅಡ್ಡಾದಿಡ್ಡಿ ಓಡಿಸಿರ್ತೀಯ."

"ಪಕ್ಕದಲ್ಲಿ ಅಕ್ಕನ್ನ ಕೂರಿಸ್ಕೊಂಡು ಅಡ್ಡಾದಿಡ್ಡಿ ಓಡಿಸ್ತೀನಾ? ಏರಲ್ಲಿ ಆಕ್ಸಲ್ ಮುರಿದು ಜೀಪು ಹಿಂದಕ್ಕೆ ಜಾರಿದಾಗ ಅವಳ ಜೀವ ಬಾಯಿಗೆ ಬಂದಿತ್ತು."

ಅಂಗಡಿಯವರು ಆಕ್ಸಲನ್ನು ತಿರುಗಿಸಿ ನೋಡಿ, ಭಾವನಿಗೆ ಹೇಳಿದರು.

"ಇದು ಗಾಡಿ ಜೊತೆ ಬಂದ ಹಳೇದೇ. ನಾನು ಕೊಟ್ಟ ಗಟ್ಟೀದನ್ನ ನಿಮ್ಮ ಜೀಪಿಗೇ ಹಾಕಿಸ್ಕೊಂಡ್ರಲ್ಲ ಸಾರ್?"

ಭಾಮೈದ ಭಾವನ ಕಡೆ ತಿರುಗಿದ.

"ನಿಮ್ಮದಕ್ಕಾ?"

"ನಿಂಗೆ ಇನ್ನೊಂದು ತರಿಸೋಣ ಅಂತಿದ್ದೆ..."

"ಅದನ್ನ ಅಕ್ಕನ ಮುಂದೆ ಹೇಳಿ, ಬನ್ನಿ. ಹೊರಗೇ ಕೂತಿದಾಳೆ."

ಭಾಮೈದ ತಿರುಗಿ ನೋಡದೆ ನಡೆದ. ಭಾವ ತಲೆ ತಗ್ಗಿಸಿ ಹಿಂದೆಯೇ ಹೋದರು.