ಹದಿಮೂರನೇ ನಂಬರಿನ ಸ್ಪ್ಯಾನರ್

ಮಧ್ಯಾಹ್ನ ಹಿಡಿದ ಮಳೆ ಬಿಡುವ ಲಕ್ಷಣವೇ ಇರಲಿಲ್ಲ. ಘಾಟಿಯ ಬುಡದ ಬಯಲಿನಲ್ಲಿ ನಾಲ್ಕು ಮನೆಗಾಡಿಗಳು, ಅಂದರೆ ಹಾಸಿಗೆ, ಒಲೆ, ಸಿಂಕು ಎಲ್ಲಾ ಒಳಗೇ ಇರುವ ವ್ಯಾನುಗಳು, ಸಾಲಾಗಿ ನಿಂತಿದ್ದವು. ಊರೂರು ಸುತ್ತುವ ನಾವು ಏಳು ಜನ ಅಜ್ಜಿಯ ಗಾಡಿಯೊಳಗೆ ಒತ್ತಿಕೊಂಡು ಕೂತಿದ್ದೆವು. ನಮ್ಮಲ್ಲೊಬ್ಬರಾದ ಹಲ್ಲಿನ ಡಾಕ್ಟರು ಕಾಲಿಗೆ ತಗುಲಿದ, ಸ್ಪ್ಯಾನರು ಬಿಡಿಭಾಗ ತುಂಬಿದ ಕಬ್ಬಿಣದ ಪೆಟ್ಟಿಗೆ ನೋಡಿ, "ಈ ಗುಜರಿ ಎಲ್ಲ ಯಾಕೆ ಹೊರ್ತೀರಿ ಅಜ್ಜಿ? ಫೋನ್ ಮಾಡಿದ್ರೆ ಮೆಕ್ಯಾನಿಕ್ ಬರ್ತಾನಲ್ಲ" ಎಂದುಬಿಟ್ಟರು. ಅಜ್ಜಿಗೆ ಮೂಗಿನ ತುದಿಯಲ್ಲೇ ಕೋಪ.

"ಗುಜರಿ ಅಂತೆ, ಗುಜರಿ! ಕೇಳಿ ಇಲ್ಲಿ. ಇದು ನಮ್ಮಕ್ಕನ ಗಾಡಿ. ಭಾವ ಮೆಕ್ಯಾನಿಕ್ಕು. ಮೂವತ್ತು ವರ್ಷ ಅವರು ಗಾಡಿ ಕೆಳಗೆ ಮಲಗಿ ಕೈ ಚಾಚೋದು, ಅಕ್ಕ ಸ್ಟೂಲ್ ಮೇಲೆ ಕೂತು ಸ್ಪ್ಯಾನರ್ ಕೊಡೋದು. ಅವರಿಗೊಂದು ಚಾಳಿ... ಹದಿಮೂರನೇ ನಂಬರ್ ಬೇಕಾದಾಗೆಲ್ಲ 'ಹನ್ನೆರಡು ಕೊಡೇ' ಅನ್ನೋರು. ಅಕ್ಕ ಅವರ ಕೈಗೆ ಹದಿಮೂರೇ ಇಡೋಳು.

"ಭಾವ ತೀರಿಕೊಂಡ ಮೇಲೆ ಮಗ ಶುರು ಹಚ್ಕೊಂಡ, 'ಅಮ್ಮಾ, ಗಾಡಿ ಮಾರೋಣ, ನಿನ್ನ ಕೈಲಾಗಲ್ಲ.' ಇವಳು ಜಪ್ಪಯ್ಯ ಅಂದ್ರೂ ಒಪ್ಪಲಿಲ್ಲ. ಕೊನೆಗೆ ಪಂಥ ಕಟ್ಟಿದ್ರು. ಒಬ್ಬಳೇ ಈ ಘಾಟಿ ಹತ್ತಿ ಇಳೀಬೇಕು, ದಾರೀಲಿ ಯಾರನ್ನೂ ಸಹಾಯಕ್ಕೆ ಕರೀಬಾರದು. ಸೋತ್ರೆ ಗಾಡಿ ಮಾರಾಟಕ್ಕೆ, ಅಕ್ಕ ಮಗನ ಮನೆಯ ಹಿಂದಿನ ಕೋಣೆಗೆ. ಆ ಕೋಣೆ ನೆನೆಸಿಕೊಂಡ್ರೇ ಅವಳಿಗೆ ಉಸಿರು ಕಟ್ಟೋದು.

"ಹೊರಟಳು. ಅರ್ಧ ಘಾಟಿಯಲ್ಲಿ, ಸುಡು ಬಿಸಿಲಲ್ಲಿ, ಫಟ್ ಅಂತ ಫ್ಯಾನ್ ಬೆಲ್ಟ್ ತುಂಡಾಯ್ತು. ಪೆಟ್ಟಿಗೇಲಿ ಹೊಸ ಬೆಲ್ಟ್ ಏನೋ ಇತ್ತು. ಬೆಲ್ಟು, ಫ್ಯೂಸು, ರೇಡಿಯೇಟರ್ ಪೈಪು, ಕ್ಲಿಪ್ಪು, ಎಲ್ಲಾ ಎರಡೆರಡು ಇಟ್ಟಿದ್ರು ಭಾವ. ಆದ್ರೆ ಹಾಕೋರು ಯಾರು? ಇವಳು ನೋಡಿದ್ದಳೇ ಹೊರತು ಒಂದು ನಟ್ಟು ತಿರುಗಿಸಿದವಳಲ್ಲ. ಎಂಜಿನ್ ತಣ್ಣಗಾಗೋವರೆಗೂ ಸ್ಟೂಲ್ ಮೇಲೆ ಕೂತು ಅತ್ತಳು. ಆಗ... ಗಾಡಿ ಕೆಳಗಿಂದ ಒಂದು ಕೈ ಹೊರಗೆ ಬಂತು. ಗ್ರೀಸ್ ಮೆತ್ತಿದ ಕೈ. 'ಹನ್ನೆರಡು ಕೊಡೇ...'

"ನೀವಾಗಿದ್ರೆ ಏನ್ ಮಾಡ್ತಿದ್ರಿ ಡಾಕ್ಟ್ರೇ? ಓಟ ಕೀಳ್ತಿದ್ರಿ! ಅಕ್ಕನೂ ಸ್ಟೂಲಿಂದ ಎದ್ದೇಬಿಟ್ಟಳು. ಆದ್ರೂ ಅಭ್ಯಾಸ ನೋಡಿ, ಕೈ ತಾನಾಗೇ ಹದಿಮೂರು ಎತ್ಕೊಂಡಿತ್ತು. ಕೊಡೋಕೆ ಹೋದವಳು ತಟ್ಟನೆ ನಿಂತಳು. 'ಇವತ್ತೂ ಇವರೇ ರಿಪೇರಿ ಮಾಡಿದ್ರೆ ನಾನು ಗೆದ್ದ ಹಾಗೇನು?' ಅಂತ ಅನ್ನಿಸ್ತು ಅವಳಿಗೆ. 'ಸಾಕು, ಎದ್ದು ಆಚೆ ಬನ್ನಿ! ಮೂವತ್ತು ವರ್ಷ ನಾನು ಕೊಟ್ಟೆ. ಇವತ್ತು ನಾನು ಕೆಳಗೆ, ನೀವು ಸ್ಟೂಲ್ ಮೇಲೆ' ಅಂದಳು. ಕೈ ಒಳಗೆ ಸರೀತು. ಇವಳು ಕೆಳಗೆ ನುಗ್ಗಿ ನೋಡ್ತಾಳೆ, ಅಲ್ಲಿ ಯಾರೂ ಇಲ್ಲ. ಮೇಲೆ ಸ್ಟೂಲ್ ಕಿರ್ರ್ ಅಂತು...

"ಕೈ ಚಾಚಿ ಕೇಳಿದ್ದೆಲ್ಲಾ ಅಂಗೈಗೆ ಬಂತು. ಒಂದ್ಸಲ ಗಾಬರೀಲಿ ಇವಳೂ 'ಹನ್ನೆರಡು' ಅಂದುಬಿಟ್ಟಳು. ಬಂದದ್ದು ಹದಿಮೂರು! ಬೆಲ್ಟ್ ಕೂತಿತು, ಎಂಜಿನ್ ಗುರ್ ಅಂತು. ಘಾಟಿ ಇಳಿಯೋವರೆಗೂ ಹಾರ್ನ್ ಹೊಡ್ಕೊಂಡೇ ಬಂದಳು. 'ಯಾರನ್ನ ಕರೆದೆ?' ಅಂದ ಕೆಳಗೆ ಕಾಯ್ತಿದ್ದ ಮಗ. ಗ್ರೀಸಿನ ಎರಡೂ ಕೈ ಎತ್ತಿ ತೋರಿಸಿ, 'ಯಾರನ್ನೂ ಕರೀಲಿಲ್ಲ ಕಣೋ' ಅಂದಳು. ಸುಳ್ಳೇನಲ್ಲವಲ್ಲ? ಮಗ ಗಾಡಿಯ ಕಾಗದ ಪತ್ರ ಅವಳ ಕೈಗಿಟ್ಟ. ಆಮೇಲೆ ಹನ್ನೊಂದು ವರ್ಷ ರಾಣಿ ಹಾಗೆ ತಿರುಗಿದಳು ನನ್ನಕ್ಕ!

"ಅವಳು ಹೋಗಿ ನಾಲ್ಕು ವರ್ಷ ಆಯ್ತು. ಗಾಡಿ ನನಗೆ ಬಿಟ್ಟಳು. ಮೊನ್ನೆ ಇದೇ ಘಾಟಿಯಲ್ಲಿ ಕೆಟ್ಟು ನಿಂತಿತ್ತು. ಕೆಳಗೆ ಮಲಗಿ ಸುಮ್ಮನೆ ಕೈ ಚಾಚಿದೆ... ಎಡಗಡೆಯಿಂದ ಸ್ಪ್ಯಾನರ್ ಹಿಡಿದ ಒಂದು ಕೈ ಬಂತು. ಬಲಗಡೆಯಿಂದ ಇನ್ನೊಂದು. ಯಾರದ್ದನ್ನ ಬಿಟ್ರೆ ಯಾರಿಗೆ ಬೇಜಾರೋ ಅಂತ, ಎರಡೂ ಸ್ಪ್ಯಾನರ್ ತಗೊಂಡೆ."